1,60,000 ಕಿ.ಮೀ. ಓಡಿದ ಪೆಟ್ರೋಲ್ ಪಿಕಪ್‌ಗೆ ಯಾವ ಸ್ಪಾರ್ಕ್ ಪ್ಲಗ್, ಯಾವ ಪೆಟ್ರೋಲ್?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸೀಟಿನ ಕೆಳಗೆ ಎಂಜಿನ್ ಇರುವ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಮಿನಿ ಪಿಕಪ್, 2018ರ ಮಾದರಿ, 1,60,000 ಕಿ.ಮೀ. ದಾಟಿದೆ, ತೀರ್ಥಹಳ್ಳಿ ಕಡೆಯಿಂದ ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಬರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ನಡುಗುತ್ತದೆ, ಲೋಡ್ ಇದ್ದರೆ ಏರಿನಲ್ಲಿ ಎಳೆಯುವುದಿಲ್ಲ, ಮೈಲೇಜ್ ಕೂಡ ಇಳಿದಿದೆ. ಇರಿಡಿಯಂ ಪ್ಲಗ್ ಹಾಕಿಸಿ, ದುಬಾರಿ ಪೆಟ್ರೋಲ್ ತುಂಬಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಲಘು ವಾಹನಗಳ ರಿಪೇರಿ ಮಾಡಿಕೊಂಡಿರುವ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲಗ್ ಬದಲಾಯಿಸಿ, ಆದರೆ ಗಾಡಿಯ ಕೈಪಿಡಿಯಲ್ಲಿ ಸೂಚಿಸಿದ ನಂಬರಿನದನ್ನೇ ಹಾಕಿ. ಪೆಟ್ರೋಲ್ ಸಾಧಾರಣದ್ದೇ ಸಾಕು. ಬಿಚ್ಚಿದ ಹಳೆಯ ಪ್ಲಗ್‌ಗಳನ್ನು ಮಾತ್ರ ಪರೀಕ್ಷಿಸದೆ ಎಸೆಯಬೇಡಿ, ಏಕೆಂದರೆ ಎಂಜಿನ್ನಿನ ನಿಜವಾದ ಸ್ಥಿತಿ ತಿಳಿಯುವುದು ಅವುಗಳಿಂದಲೇ.

ಇದನ್ನು ಓದುವ ಇತರರಿಗಾಗಿ ಒಂದು ಸ್ಪಷ್ಟನೆ. ನಮ್ಮ ರಸ್ತೆಗಳಲ್ಲಿ ಕಾಣುವ ಪಿಕಪ್‌ಗಳಲ್ಲಿ ಬೊಲೆರೊ ಮೊದಲಾದ ಹೆಚ್ಚಿನವು ಡೀಸೆಲ್ ಗಾಡಿಗಳು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹೊತ್ತಿಕೊಳ್ಳುವುದರಿಂದ ಅದರಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಕೆಲವದರಲ್ಲಿರುವ ಗ್ಲೋ ಪ್ಲಗ್‌ನ ಕೆಲಸವೇ ಬೇರೆ.

ಸಾಧಾರಣ ನಿಕ್ಕಲ್ ಪ್ಲಗ್‌ಗಳ ಆಯಸ್ಸು ಸಾಮಾನ್ಯವಾಗಿ 30,000ದಿಂದ 40,000 ಕಿ.ಮೀ.; ಇರಿಡಿಯಂ ತುದಿಯವು 1,00,000 ಕಿ.ಮೀ.ವರೆಗೂ ಬರುತ್ತವೆ. ಪ್ರತಿಯೊಂದು ಕಿಡಿಯೂ ತುದಿಯ ಲೋಹವನ್ನು ಕಣ್ಣಿಗೆ ಕಾಣದಷ್ಟು ಸವೆಸುತ್ತದೆ. ಸವೆದಂತೆ ಗ್ಯಾಪ್, ಅಂದರೆ ಕಿಡಿ ಹಾರುವ ಎರಡು ತುದಿಗಳ ನಡುವಿನ ಅಂತರ, ಹಿಗ್ಗುತ್ತದೆ. ಗ್ಯಾಪ್ ಹಿಗ್ಗಿದಂತೆ ಕಿಡಿ ಹಾರಿಸಲು ಪ್ಲಗ್‌ಗೆ ವಿದ್ಯುತ್ ಒದಗಿಸುವ ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ. ಲೋಡ್ ಹೊತ್ತು ಏರು ಹತ್ತುವಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿರುವುದರಿಂದ ಕಿಡಿ ಹಾರುವುದು ಇನ್ನೂ ಕಷ್ಟ. ಖಾಲಿ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡಿದರೂ ಮೂಟೆ ಹೇರಿದೊಡನೆ ಮಿಸ್ಸಿಂಗ್ (ಕಿಡಿ ತಪ್ಪಿ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದಿರುವುದು) ಶುರುವಾಗುವುದು ಇದೇ ಕಾರಣಕ್ಕೆ. ಕೊನೆಯ ಸಲ ಪ್ಲಗ್ ಬದಲಾಯಿಸಿದ್ದು ಯಾವಾಗ ಎಂಬುದೇ ನೆನಪಿಲ್ಲ ಎಂದಿದ್ದೀರಿ, ಹಾಗಿದ್ದರೆ ತಡಮಾಡಬೇಡಿ. ಮಿಸ್ಸಿಂಗ್ ಇರುವಾಗ ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿದ್ದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ, ಅದು ಅತಿಯಾಗಿ ಕಾದು ಒಳಗೇ ಕರಗಿ ಕಟ್ಟಿಕೊಳ್ಳುತ್ತದೆ. ಅದರ ಬೆಲೆಯ ಮುಂದೆ ನಾಲ್ಕು ಪ್ಲಗ್‌ಗಳ ಬೆಲೆ ಲೆಕ್ಕಕ್ಕೇ ಬಾರದು. ಓಡಿಸುವಾಗ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಅದು ಈ ಅಪಾಯದ ಸೂಚನೆ.

ಪ್ಲಗ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂನದು, ಬಿಸಿಯಿರುವಾಗ ತಿರುಗಿಸಿದರೆ ಥ್ರೆಡ್ ಕಿತ್ತುಬರುವ ಸಾಧ್ಯತೆಯಿದೆ, ಹಳೆಯ ಗಾಡಿಗಳಲ್ಲಂತೂ ಹೆಚ್ಚು. ಸೀಟು ಎತ್ತಿ, ಕಾಯಿಲ್ ಅಥವಾ ವೈರ್ ತೆಗೆಯುವ ಮೊದಲು ಪ್ಲಗ್ ಕುಳಿಯ ಸುತ್ತಲಿನ ಧೂಳು, ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ. ನಮ್ಮ ಕಡೆಯ ಮಣ್ಣು ರಸ್ತೆಗಳಲ್ಲಿ ಓಡುವ ಗಾಡಿಗಳ ಸೀಟಿನಡಿ ಕೆಂಪು ಧೂಳು ಪದರಗಟ್ಟಿರುತ್ತದೆ; ಅದು ಸಿಲಿಂಡರಿನೊಳಗೆ ಬಿದ್ದರೆ ಗೋಡೆಯನ್ನು ಗೀರುತ್ತದೆ. ಒಂದು ಸುತ್ತು ಸಡಿಲಿಸಿದ ಮೇಲೆ ಮತ್ತೊಮ್ಮೆ ಗಾಳಿ ಹೊಡೆಯುವುದು ನನ್ನ ಪದ್ಧತಿ. ಪ್ಲಗ್ ಬಿಗಿಯಾಗಿ ಬರುತ್ತಿದ್ದರೆ ಬಲ ಹಾಕಬೇಡಿ. ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕಾದು, ಹಿಂದೆ ಮುಂದೆ ತಿರುಗಿಸುತ್ತ ತೆಗೆಯಿರಿ. ಬಿಚ್ಚಿದವುಗಳನ್ನು ಯಾವ ಸಿಲಿಂಡರಿನದು ಯಾವುದು ಎಂದು ಗುರುತು ಹಾಕಿ ಸಾಲಾಗಿ ಇಡಿ.

ಈಗ ಅವುಗಳ ತುದಿಯನ್ನು ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದು ತುದಿ ದುಂಡಗೆ ಸವೆದಿದ್ದರೆ ಎಂಜಿನ್ ಚೆನ್ನಾಗಿದೆ, ಪ್ಲಗ್ ಮಾತ್ರ ಮುಗಿದಿದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಉರಿದಿದೆ. ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್, ಸೋರುತ್ತಿರುವ ಇಂಜೆಕ್ಟರ್ ಇವುಗಳನ್ನು ನೋಡಬೇಕು. ಬಿಳಿಚಿಕೊಂಡು ಗುಳ್ಳೆ ಎದ್ದಂತಿದ್ದರೆ ಅತಿಯಾಗಿ ಕಾದಿದೆ ಎಂದರ್ಥ. ಕೂಲಿಂಗ್ ವ್ಯವಸ್ಥೆಯನ್ನೂ ಪ್ಲಗ್ ನಂಬರನ್ನೂ ಪರಿಶೀಲಿಸಬೇಕು. ಕೆಂಪು-ಕಿತ್ತಳೆ ಪುಡಿ ಅಂಟಿಕೊಂಡಿದ್ದರೆ, ಟ್ಯಾಂಕಿಗೆ ಯಾರೋ ಕಬ್ಬಿಣದ ಅಂಶವಿರುವ ಆಕ್ಟೇನ್ ವರ್ಧಕವನ್ನು ಸುರಿದಿರುವ ಸಂಭವವಿದೆ. ಅದು ವಿದ್ಯುತ್ತನ್ನು ಹರಿಯಗೊಡುವುದರಿಂದ ಕಿಡಿ ದಾರಿ ತಪ್ಪುತ್ತದೆ. ಮೈಲೇಜ್ ಹೆಚ್ಚಿಸುವ ಮಾತ್ರೆ, ಬಾಟಲಿಗಳ ಬಗ್ಗೆ ನನಗೆ ಗೌರವವಿಲ್ಲದಿರಲು ಇದೂ ಒಂದು ಕಾರಣ.

ನಿಮ್ಮಷ್ಟು ಓಡಿದ ಗಾಡಿಯಲ್ಲಿ ನಾನು ಹೆಚ್ಚು ಗಮನ ಕೊಡುವುದು ಎಣ್ಣೆಯ ಪಸೆಗೆ. ಇಲ್ಲಿ ಎರಡು ಬೇರೆ ಬೇರೆ ರೋಗಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಪ್ಲಗ್‌ನ ಮೇಲ್ಭಾಗ, ಅಂದರೆ ಬಿಳಿ ಪಿಂಗಾಣಿ ಮತ್ತು ಕುಳಿ, ಎಣ್ಣೆಯಲ್ಲಿ ನೆನೆದಿದ್ದರೆ ಅದು ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ ಅಥವಾ ಪ್ಲಗ್ ಕುಳಿಯ ಸೀಲ್ ಸೋರಿಕೆ. ಕಡಿಮೆ ಖರ್ಚಿನ ಕೆಲಸ, ಪ್ಲಗ್ ಬದಲಾಯಿಸುವಾಗಲೇ ಮುಗಿಸಬಹುದು. ಉರಿಯುವ ತುದಿಯೇ ಒದ್ದೆಯಾಗಿ ಕಪ್ಪಾಗಿ ಹೊಳೆಯುತ್ತಿದ್ದರೆ ಎಣ್ಣೆ ಸಿಲಿಂಡರಿನೊಳಗೆ ಬರುತ್ತಿದೆ. ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿದೆ. ಪ್ಲಗ್‌ಗಳು ಹೊರಗಿರುವಾಗಲೇ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಬಿಚ್ಚಿಟ್ಟು, ಆಕ್ಸಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿ ಗೇಜ್ ನೋಡುವ ಈ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯದು. ಒಂದು ಸಿಲಿಂಡರಿನ ಒತ್ತಡ ಉಳಿದವಕ್ಕಿಂತ ಸ್ಪಷ್ಟವಾಗಿ ಕಡಿಮೆಯಿದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ; ಆಗ ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ದೋಷ ಹೆಚ್ಚಾಗಿ ವಾಲ್ವ್‌ನದು. ಇಂಥ ಎಂಜಿನ್ನಿಗೆ ಇರಿಡಿಯಂ ಹಾಕಿದರೆ ಹಣ ವ್ಯರ್ಥ, ಎಣ್ಣೆ ಅಂಟಿದ ಮೇಲೆ ದುಬಾರಿ ಪ್ಲಗ್ ಕೂಡ ಅಗ್ಗದ್ದರಂತೆಯೇ ಕೆಡುತ್ತದೆ.

ಇನ್ನು ಆಯ್ಕೆಯ ಮಾತು. ಎಂಜಿನ್ ಆರೋಗ್ಯವಾಗಿದ್ದು, ಗಾಡಿಯನ್ನು ಇನ್ನೂ ಹಲವು ವರ್ಷ ಇಟ್ಟುಕೊಳ್ಳುವ ಇರಾದೆ ಇದ್ದರೆ ಅದೇ ಹೀಟ್ ರೇಂಜಿನ (ತುದಿಯ ಬಿಸಿಯನ್ನು ಪ್ಲಗ್ ಎಷ್ಟು ಬೇಗ ಹೆಡ್‌ಗೆ ಬಿಟ್ಟುಕೊಡುತ್ತದೆ ಎಂಬ ಅಳತೆ; ಬೇಗ ಬಿಟ್ಟುಕೊಡುವುದು ತಣ್ಣನೆಯ ಪ್ಲಗ್, ನಿಧಾನದ್ದು ಬಿಸಿಯದು) ಇರಿಡಿಯಂ ಹಾಕಿಸಿ; ಪದೇ ಪದೇ ಬದಲಾಯಿಸುವ ತಾಪತ್ರಯ ತಪ್ಪುತ್ತದೆ ಎಂಬುದೇ ಅದರ ಮುಖ್ಯ ಲಾಭ, ಶಕ್ತಿಯಲ್ಲಿ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ. ಇಲ್ಲದಿದ್ದರೆ ನಿಕ್ಕಲ್ ಪ್ಲಗ್ ಹಾಕಿ, ಅವಧಿಗೆ ಸರಿಯಾಗಿ ಬದಲಾಯಿಸಿ. ನಂಬರ್ ವಿಷಯದಲ್ಲಿ ಅಂಗಡಿಯವರ ‘ಇದೂ ಕೂರುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ. ಎನ್‌ಜಿಕೆ ಪ್ಲಗ್‌ಗಳಲ್ಲಿ ಹೀಟ್ ರೇಂಜಿನ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಣ್ಣನೆಯದು, ಬಾಷ್ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿಯದು. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿ ಕೊಂಡರೆ ಎಡವಟ್ಟಾಗುತ್ತದೆ. ಎಣ್ಣೆ ಕುಡಿಯುವ ಎಂಜಿನ್ನಿಗೆ ಒಂದು ಮೆಟ್ಟಿಲು ಬಿಸಿ ಪ್ಲಗ್ ಹಾಕಿದರೆ ಮಸಿ ಹಿಡಿಯುವುದಿಲ್ಲ ಎಂಬ ಸಲಹೆ ನಿಮಗೆ ಸಿಗಬಹುದು. ಹುಲಿಕಲ್ ಘಾಟಿಯಂಥ ಏರಿನಲ್ಲಿ ಲೋಡ್ ಹೊತ್ತು ಹತ್ತುವ ಗಾಡಿಗೆ ನಾನು ಅದನ್ನು ಹಾಕುವುದಿಲ್ಲ. ತುದಿ ಕೆಂಡವಾಗಿ, ಕಿಡಿಗೆ ಮುನ್ನವೇ ಪೆಟ್ರೋಲ್ ಹೊತ್ತಿಕೊಂಡರೆ ಪಿಸ್ಟನ್ನಿಗೇ ಕುತ್ತು. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇದ್ದರೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಬದಲಾವಣೆಯ ಅವಧಿಯನ್ನು ಇಳಿಸಿಕೊಳ್ಳಿ.

ಹಾಕುವಾಗ ಪ್ರತಿ ಪ್ಲಗ್‌ನ ಗ್ಯಾಪ್ ಅಳೆಯಿರಿ, ಇರಿಡಿಯಂನ ಸೂಕ್ಷ್ಮ ತುದಿಗೆ ಮಾತ್ರ ಗೇಜ್ ಒತ್ತಬೇಡಿ. ಮೊದಲ ಕೆಲವು ಸುತ್ತುಗಳನ್ನು ಕೈಯಿಂದಲೇ, ಅಥವಾ ಒಂದು ತುಂಡು ರಬ್ಬರ್ ಪೈಪಿಗೆ ಪ್ಲಗ್ ಸಿಕ್ಕಿಸಿ ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ಪೈಪು ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸುಮಾರು 25–30 ನ್ಯೂಟನ್ ಮೀಟರ್, 12 ಮಿ.ಮೀ. ಪ್ಲಗ್‌ಗೆ 15–20 ನ್ಯೂಟನ್ ಮೀಟರ್ ಬಿಗಿತ ಸಾಕು. ಟಾರ್ಕ್ ವ್ರೆಂಚ್ ಇಲ್ಲದ ಕಡೆ, 14 ಮಿ.ಮೀ. ಹೊಸ ಪ್ಲಗ್‌ ಆದರೆ ಕೈಬಿಗಿತದ ನಂತರ ಅರ್ಧ ಸುತ್ತಿಗಿಂತ ತುಸು ಹೆಚ್ಚು. ಥ್ರೆಡ್‌ಗೆ ಗ್ರೀಸ್ ಬಳಿಯಬೇಡಿ. ಜಾರಿಕೆ ಹೆಚ್ಚಿ, ತಿಳಿಯದೆಯೇ ಅತಿಯಾಗಿ ಬಿಗಿದುಬಿಡುತ್ತೀರಿ. ಕಾಯಿಲ್‌ನ ರಬ್ಬರ್ ಬೂಟನ್ನೂ ನೋಡಿ: ನಮ್ಮ ಮಳೆಗಾಲದ ತೇವದಲ್ಲಿ ಸಣ್ಣ ಬಿರುಕಿದ್ದರೂ ಕಿಡಿ ಅಲ್ಲಿಂದಲೇ ಹೆಡ್‌ಗೆ ಹಾರುತ್ತದೆ. ಜೂನ್ ಬಂದೊಡನೆ ಮಿಸ್ಸಿಂಗ್, ಡಿಸೆಂಬರಿನಲ್ಲಿ ಸರಿ ಎಂಬ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಆ ಬೂಟನ್ನೇ.

ಪೆಟ್ರೋಲಿನ ವಿಷಯಕ್ಕೆ ಬರೋಣ. ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿಯಲ್ಲ. ಒತ್ತಡದಲ್ಲಿ ತಾನಾಗಿಯೇ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ. ಹಾಗೆ ತಾನಾಗಿಯೇ ಹೊತ್ತಿಕೊಂಡು ಟಕಟಕ ಎನ್ನುವ ನಾಕಿಂಗ್ ಇಲ್ಲದ ಎಂಜಿನ್ನಿಗೆ ಹೆಚ್ಚಿನ ಆಕ್ಟೇನ್ ಕೊಟ್ಟರೆ ಅದಕ್ಕೆ ಮಾಡುವ ಕೆಲಸವೇ ಇರುವುದಿಲ್ಲ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಮೇಲೆ ಅದು ಹಂತ ಹಂತವಾಗಿ ಎಲ್ಲ ಬಂಕ್‌ಗಳಿಗೂ ಬಂದಿದೆ. ಎಥೆನಾಲಿನ ಆಕ್ಟೇನ್ ಸಹಜವಾಗಿಯೇ ಹೆಚ್ಚಿರುವುದರಿಂದ, ಹಿಂದೆ 91 ಇದ್ದ ಸಾಧಾರಣ ಪೆಟ್ರೋಲಿನ ಆಕ್ಟೇನ್ ಈಗ ಸುಮಾರು 95. ಆದ್ದರಿಂದ 95ರ ಹೆಸರಿನ ದುಬಾರಿ ಪೆಟ್ರೋಲಿಗೆ ಹೆಚ್ಚುವರಿ ಹಣ ಕೊಡುವ ಕಾರಣ ನನಗೆ ಕಾಣುವುದಿಲ್ಲ. ಹಳೆಯ ಎಂಜಿನ್ನಿನಲ್ಲಿ ಇಂಗಾಲ ಕಟ್ಟಿಕೊಂಡು ಕಂಪ್ರೆಶನ್ ಏರಿ, ಏರಿನಲ್ಲಿ ಟಕಟಕ ಶಬ್ದ ಕೇಳುತ್ತಿದ್ದರೆ ಮೊದಲು ಗೇರ್ ಇಳಿಸಿ ಓಡಿಸಿ ನೋಡಿ, ಆಮೇಲೆ ಇಂಗಾಲ ತೆಗೆಸಿ.

ಮೈಲೇಜ್ ಇಳಿದಿರುವುದಕ್ಕೆ ಪ್ಲಗ್ ಒಂದನ್ನೇ ದೂರಬೇಡಿ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿ ಶೇ 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಿಗೆ ಇ20 ಹಾಕಿದರೆ ಶೇ 6–7ರಷ್ಟು ಮೈಲೇಜ್ ಕಡಿಮೆಯಾಗಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ 15 ಕೊಡುತ್ತಿದ್ದರೆ ಅದು ಇಂಧನದ ಪರಿಣಾಮ, ಯಾವ ಪ್ಲಗ್ ಹಾಕಿದರೂ ವಾಪಸ್ ಬಾರದು. 12ಕ್ಕೆ ಇಳಿದಿದ್ದರೆ ದೋಷ ಗಾಡಿಯಲ್ಲಿದೆ. ಈ ಲೆಕ್ಕವನ್ನು ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅಲ್ಲಿಯೇ ತುಂಬಿಸಿ ಹಾಕಬೇಕು. ಮೀಟರಿನ ಕಡ್ಡಿ ನೋಡಿ ಹೇಳುವುದು ಲೆಕ್ಕವಲ್ಲ.

2018ರ ಗಾಡಿಯಲ್ಲಿ ಇ20ರಿಂದ ನಾನು ಗಮನಿಸುವ ಇನ್ನೊಂದು ಸಂಗತಿ ರಬ್ಬರ್ ಭಾಗಗಳದ್ದು. ಇಂಧನ ಪೈಪು, ಓ ರಿಂಗ್‌ಗಳು ಉಬ್ಬಿವೆಯೇ, ಬಿರುಕು ಬಿಟ್ಟಿವೆಯೇ ನೋಡಿ. ಸೀಟಿನಡಿ ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ಸರಿಪಡಿಸಿ. ಎಥೆನಾಲ್ ಟ್ಯಾಂಕಿನ ತಳದ ಹಳೆಯ ಜಿಗುಟನ್ನು ಕರಗಿಸಿ ಹೊರಡಿಸುವುದರಿಂದ ಫ್ಯುಯೆಲ್ ಫಿಲ್ಟರ್ ಕೂಡ ಕಟ್ಟಿರಬಹುದು, ಏರಿನಲ್ಲಿ ಎಳೆಯದಿರುವುದಕ್ಕೆ ಅದೂ ಕಾರಣವಾದೀತು. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕಿಳಿಯುತ್ತವೆ, ಪಂಪು ಮೊದಲು ಎಳೆಯುವುದು ಅದನ್ನೇ. ಆದ್ದರಿಂದ ಮಳೆಗಾಲದಲ್ಲಿ ವ್ಯಾಪಾರ ಚೆನ್ನಾಗಿರುವ ಬಂಕಿನಲ್ಲೇ ತುಂಬಿಸಿ, ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಬೇಡಿ. ಅನುಮಾನ ಬಂದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು 5 ಲೀಟರ್ ಅಳತೆಯ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ.

ಪ್ಲಗ್ ಬಿಚ್ಚಿದಾಗ ನಾಲ್ಕನ್ನೂ ಸಿಲಿಂಡರಿನ ಕ್ರಮದಲ್ಲಿಟ್ಟು, ತುದಿಯ ಬಣ್ಣವೂ ಪಿಂಗಾಣಿಯ ಮೇಲಿನ ನಂಬರೂ ಕಾಣುವಂತೆ ಹಗಲ ಬೆಳಕಿನಲ್ಲಿ ಚಿತ್ರ ತೆಗೆದು ಇಲ್ಲಿ ಹಾಕಿ. ಎಣ್ಣೆಯ ಪಸೆ ಯಾವ ಬಗೆಯದೆಂದು ನೋಡಿ ಹೇಳುತ್ತೇನೆ.