80 ಸಾವಿರದೊಳಗೆ, ದಿನಾ ಹೊತ್ತು ಓಡಾಡಲು ಹಗುರವಾಗಿರುವ, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಯಾವುದು?

ಆ 4 ಜಿಬಿ ಕಾರ್ಡ್ ಅನ್ನೋದನ್ನು ಮೊದಲು ತಲೆಯಿಂದ ತೆಗೆದುಹಾಕಿ. ವಾರದಲ್ಲಿ ಎರಡು ಮೂರು ರಾತ್ರಿ ವ್ಯಾಲರೆಂಟ್, ಆಗಾಗ ಜಿಟಿಎ 5 ಗೇಮ್, ಉಳಿದ ಹೊತ್ತೆಲ್ಲ ಎಕ್ಸೆಲ್ ಮತ್ತು ಮೀಟಿಂಗ್ ಅಂತ ಬರೆದಿದ್ದೀರಿ. ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದು ನಾನೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡ್ ಸುತ್ತಿದ್ದೆ. ಕೊನೆಗೆ ಒಂದರ ಬದಲು ಎರಡು ಲ್ಯಾಪ್‌ಟಾಪ್‌ಗೆ ದುಡ್ಡು ಸುರಿದೆ.

ಮೊದಲು ತಗೊಂಡಿದ್ದು ತೆಳ್ಳಗಿನದು, ಒಂದೂವರೆ ಕೆಜಿಯೂ ಇರಲಿಲ್ಲ. 11ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಪ್ರೊಸೆಸರ್ ಒಳಗೇ ಇರುವ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್. ಕೆಲಸಕ್ಕೆ ಬಂಗಾರದಂಥ ಮಷೀನು. ಆದರೆ ಜಿಟಿಎಯಲ್ಲಿ ಕಾರನ್ನು ಸ್ವಲ್ಪ ಜೋರಾಗಿ ಓಡಿಸಿದರೆ ಸಾಕು, ಕಾರು ಮೊದಲು ಹೋಗಿ ರಸ್ತೆ ಆಮೇಲೆ ಬರುತ್ತಿತ್ತು. ಕಂಪ್ಯೂಟರಿನೊಳಗೆ ಏನು ನಡೀತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಅಲ್ಲಿ ಐರಿಸ್ ಅನ್ನೋ ಹೆಸರೇ ಇಲ್ಲ, ಬರೀ 'ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್' ಅಂತಿದೆ. ಡಬ್ಬದ ಮೇಲೆ ಒಂದು ಹೆಸರು, ಒಳಗೆ ಇನ್ನೊಂದು. ಯಾಕೆ ಅಂತ ಹುಡುಕುವ ಬದಲು, ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಹಣೆಬರಹವೇ ಇಷ್ಟು ಅಂದುಕೊಂಡು ಅದನ್ನು ಭಾವನಿಗೆ ಕಡಿಮೆ ರೇಟಿಗೆ ದಾಟಿಸಿದೆ. ಗೇಮಿಂಗ್ ಲ್ಯಾಪ್‌ಟಾಪ್ ತಂದೆ.

ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಅಕ್ಕನ ಮನೆಗೆ ದಾವಣಗೆರೆಗೆ ಹೋದಾಗ ನೋಡಿದರೆ, ಭಾವ ಅದೇ ಲ್ಯಾಪ್‌ಟಾಪಲ್ಲಿ ಅದೇ ಜಿಟಿಎ ಆಡುತ್ತಾ ಕೂತಿದ್ದಾರೆ. ಎಲ್ಲೂ ತಡವರಿಸದೆ ಓಡುತ್ತಿದೆ. "ಏನ್ ಮಾಡಿಸಿದ್ರಿ ಭಾವ?" ಅಂದೆ. "ಇನ್ನೊಂದು ರ‍್ಯಾಮ್ ಹಾಕಿಸಿದೆ, ಅಷ್ಟೇ. ಒಳಗೆ ಒಂದು ಸ್ಲಾಟ್ ಖಾಲಿ ಇತ್ತಲ್ಲೋ, ನೀನು ನೋಡಿರ್ಲಿಲ್ವಾ?"

ನೋಡಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರು ಇದನ್ನು ಹೇಳೋದೇ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ಅದರದೇ ಮೆಮೊರಿ ಇರುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತದ್ದು ಅಂತ ಏನೂ ಇಲ್ಲ, ಲ್ಯಾಪ್‌ಟಾಪಿನ ರ‍್ಯಾಮನ್ನೇ ಪ್ರೊಸೆಸರ್ ಜೊತೆ ಹಂಚಿಕೊಳ್ಳಬೇಕು. 3200 ಸ್ಪೀಡಿನ ಡಿಡಿಆರ್4 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಡೇಟಾ ಸಾಗುತ್ತದೆ. ಅಂಥದ್ದೇ ಎರಡು ಹಾಕಿದರೆ ದಾರಿ ಎರಡಾಗಿ 51.2 ಜಿಬಿ. ಇದನ್ನೇ ಡ್ಯುಯಲ್ ಚಾನೆಲ್ ಅನ್ನೋದು. ಎರಡು ಚಾನೆಲ್ ಇಲ್ಲದಿದ್ದರೆ ಐರಿಸ್ ಎಕ್ಸ್‌ಇ ತನ್ನನ್ನು ಬರೀ ಯುಎಚ್‌ಡಿ ಅಂತಲೇ ತೋರಿಸಿಕೊಳ್ಳುತ್ತದೆ. ಅಂದರೆ ಆ ಮಷೀನು ತನ್ನ ಕಾಯಿಲೆ ಏನು ಅಂತ ನನಗೆ ಬರೆದೇ ತೋರಿಸಿತ್ತು! ಇನ್ನೊಂದು 8 ಜಿಬಿ ಹಾಕಿಸಿದ್ದರೆ ಮುಗಿದುಹೋಗುತ್ತಿತ್ತು. ಬದಲಿಗೆ ಮುಕ್ಕಾಲು ಲಕ್ಷ ಕೊಟ್ಟು ಹೊಸದು ತಂದೆ.

ಹೊಸದರ ಕಥೆ ಕೇಳಿ. ಲ್ಯಾಪ್‌ಟಾಪ್ 2.3 ಕೆಜಿ, ಜೊತೆಗೆ ಇಟ್ಟಿಗೆಯಂಥ ಚಾರ್ಜರ್. ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ಬೆಳಗ್ಗೆ ಮೆಟ್ರೊ ನೇರಳೆ ಮಾರ್ಗದಲ್ಲಿ ನಿಂತೇ ಹೋಗಬೇಕು, ಮೆಜೆಸ್ಟಿಕ್ ದಾಟುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತಿತ್ತು. ಚಾರ್ಜರ್ ಮನೆಯಲ್ಲೇ ಬಿಡೋಣ ಅಂದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಬ್ಯಾಟರಿ ಖಾಲಿ. ಮೀಟಿಂಗಲ್ಲಿ ಫ್ಯಾನ್ ಸದ್ದಿಗೆ ಎಲ್ಲರೂ ನನ್ನ ಕಡೆಯೇ ತಿರುಗಿ ನೋಡುವವರು. ಪರದೆಯಂತೂ ಮಂಕು. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡಿಗೆ ದುಡ್ಡು ಹಾಕಿ ಪರದೆಯಲ್ಲಿ ಉಳಿಸುತ್ತಾರೆ, '250 ನಿಟ್ಸ್, 45% ಎನ್‌ಟಿಎಸ್‌ಸಿ' (ಮೊದಲನೆಯದು ಪರದೆಯ ಬೆಳಕು, ಎರಡನೆಯದು ತೋರಿಸಬಲ್ಲ ಬಣ್ಣಗಳ ಅಳತೆ) ಅಂತ ಕಂಡರೆ ಅದೇ ಇದು ಅಂತ ತಿಳ್ಕೊಳ್ಳಿ. ಇಷ್ಟೆಲ್ಲ ಅನುಭವಿಸಿ, ಪ್ಲಗ್ ತೆಗೆದ ಕೂಡಲೇ ಗೇಮ್ ವೇಗ ಅರ್ಧಕ್ಕೆ ಇಳಿಯುತ್ತಿತ್ತು. ಎಲ್ಲೇ ಹೋದರೂ ಮೊದಲು ಪ್ಲಗ್ ಪಾಯಿಂಟ್ ಹುಡುಕಿ ಆಮೇಲೆ ಕುರ್ಚಿ ಹುಡುಕಬೇಕು.

ಹಾಗಾಗಿ ನಿಮಗೆ ನಾನು ಹೇಳೋದು ಕಾರ್ಡ್ ಇಲ್ಲದ್ದನ್ನೇ. ಒಳಗಿನ ಗ್ರಾಫಿಕ್ಸ್ ಈಗ ತುಂಬಾ ಸುಧಾರಿಸಿದೆ. ಎಎಂಡಿ ರೈಜನ್ 7 8840ಎಚ್ಎಸ್ ಪ್ರೊಸೆಸರ್‌ನಲ್ಲಿರುವ ರೇಡಿಯಾನ್ 780ಎಂ ಆಗಲಿ, ಇಂಟೆಲ್ ಕೋರ್ ಅಲ್ಟ್ರಾ 5 125ಎಚ್‌ನಲ್ಲಿರುವ ಆರ್ಕ್ ಆಗಲಿ, ನೀವು ಹೇಳಿದ ಎರಡೂ ಗೇಮನ್ನು 1080ಪಿಯಲ್ಲಿ (ಫುಲ್ ಎಚ್‌ಡಿ) ಆರಾಮಾಗಿ ಆಡಿಸುತ್ತವೆ. ಹೊಸ ನಂಬರ್ ಕಂಡು ಮಾತ್ರ ಮೋಸ ಹೋಗಬೇಡಿ: ರೈಜನ್ 5 7530ಯು ಕೇಳೋಕೆ ಹೊಸದು, ಒಳಗಿರೋದು ಹಳೇ ವೇಗಾ ಗ್ರಾಫಿಕ್ಸ್. ಇಂಟೆಲ್ ಆರ್ಕ್‌ಗೂ 16 ಜಿಬಿ ಮತ್ತು ಎರಡು ಚಾನೆಲ್ ಬೇಕು, ಇಲ್ಲದಿದ್ದರೆ ಆ ಹೆಸರೂ ಇಲ್ಲ, ಆ ಶಕ್ತಿಯೂ ಇಲ್ಲ.

ರ‍್ಯಾಮ್ ಪೂರ್ತಿ ಬೋರ್ಡಿಗೇ ಬೆಸುಗೆ ಹಾಕಿದ್ದರೆ ಸಾಮಾನ್ಯವಾಗಿ ಚಾನೆಲ್ ತಾಪತ್ರಯ ಇರುವುದಿಲ್ಲ. ಆದರೆ ಮುಂದೆ ಸೇರಿಸೋಕೂ ಆಗಲ್ಲ, ಆದ್ದರಿಂದ ಮೊದಲೇ 16 ಜಿಬಿಗೆ ಕಡಿಮೆ ತಗೋಬೇಡಿ.

ಇಷ್ಟಾದ ಮೇಲೂ ಕಾರ್ಡ್ ಬೇಕೇ ಬೇಕು ಅಂದರೆ ಹೆಸರಿನ ಜೊತೆ ಅದು ಎಷ್ಟು ವ್ಯಾಟ್ ಕರೆಂಟ್ ಎಳೆಯುತ್ತೆ ಅಂತಲೂ ಕೇಳಿ, ವ್ಯಾಟ್ ಕಡಿಮೆಯಾದರೆ ವೇಗವೂ ಕಡಿಮೆ. ಆರ್‌ಟಿಎಕ್ಸ್ 4050 ಅನ್ನುವ ಒಂದೇ ಹೆಸರಿನ ಕಾರ್ಡಿನಲ್ಲಿ 35 ವ್ಯಾಟಿನದೂ ಇದೆ, 115 ವ್ಯಾಟಿನದೂ ಇದೆ. ತೆಳ್ಳಗಿನ ಲ್ಯಾಪ್‌ಟಾಪಿಗೆ ಹಾಕೋದು ಹೆಚ್ಚಾಗಿ ಕಡಿಮೆ ವ್ಯಾಟಿನದನ್ನೇ.

ಅಂದಹಾಗೆ ಲ್ಯಾಪ್‌ಟಾಪ್ ಕಂಪನಿ ಕೊಟ್ಟಿದ್ದಲ್ಲ, ನಿಮ್ಮ ಸ್ವಂತದ್ದೇ ತಾನೇ? ವ್ಯಾಲರೆಂಟ್ ಜೊತೆ ಬರುವ, ಆಟದಲ್ಲಿ ಮೋಸ ತಡೆಯುವ ವ್ಯಾನ್‌ಗಾರ್ಡ್ ವಿಂಡೋಸ್‌ನ ಒಳಗಿನವರೆಗೂ ಇಳಿದು ಕೂರುತ್ತದೆ. ಆಫೀಸ್ ಮಷೀನಿಗೆ ಹಾಕಿದರೆ ಐಟಿಯವರು ಸುಮ್ನೆ ಬಿಡಲ್ಲ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಡೆಮೊ ಪೀಸ್ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿ. ಕೆಳಗೆ 'ಸ್ಲಾಟ್ಸ್ ಯೂಸ್ಡ್: 1 ಆಫ್ 2' ಅಂತ ಇದ್ದರೆ ಇನ್ನೊಂದು ರ‍್ಯಾಮಿನ ದುಡ್ಡನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ. ಮಾಡೆಲ್ ನಂಬರ್ ಗೊತ್ತಾದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.