ಹಬೆಯಾಡುವ ಅಂಬಲಿಗೆ ಮಜ್ಜಿಗೆ ಸುರಿಯಬೇಡಿ

ಹರಿಹರದ ಅಕ್ಕ, ನೀವು ಇಲ್ಲಿ ಹಾಕಿದ ಅಂಬಲಿ ಫೋಟೋ ನೋಡಿ ಸುಮ್ನೆ ಇರಲು ಆಗಲಿಲ್ಲ. ಸಂಘದಿಂದ ಕೂಲಿಯವರಿಗೆ ಕಡಿಮೆ ದುಡ್ಡಿಗೆ ಹುಳಿ ಅಂಬಲಿ ಕೊಡಬೇಕು, ಎರಡು ಸಲವೂ ಕೆಟ್ಟಿತು, ಪ್ರೋಬಯಾಟಿಕ್ (ದೇಹಕ್ಕೆ ಒಳ್ಳೆಯದು ಮಾಡುವ ಜೀವಾಣು ಇರುವ) ಬಾಟಲಿ ತಂದು ಹಾಕಲೇ ಅಂತ ಕೇಳಿದ್ದೀರಿ. ಬಾಟಲಿ ಬೇಡ. ಫೋಟೋದಲ್ಲಿ ಹಬೆ ಏಳುತ್ತಿದೆ, ನೀವು ಮಜ್ಜಿಗೆ ಸುರಿಯುತ್ತಿದ್ದೀರಿ. ತಪ್ಪು ಅಲ್ಲೇ ಇದೆ.

ನಾನೂ ಇದನ್ನೇ ಮಾಡಿದ್ದೆ. ಚಳ್ಳಕೆರೆ ಕಡೆ ಶೇಂಗಾ ಕೀಳುವ ಹೊತ್ತು. ಆಳುಗಳಿಗೆ ಅಂತ 20 ಲೀಟರ್ ಅಂಬಲಿ ಕಾಸಿದೆವು. ರಾತ್ರಿ ಹತ್ತಾಗಿತ್ತು. ಆರುವವರೆಗೆ ಯಾರು ಕಾಯ್ತಾರೆ ಅಂತ ಮಜ್ಜಿಗೆ ಸುರಿದು, ಮುಚ್ಚಳ ಬಿಗಿದು ಮಲಗಿದೆವು. ಬೆಳಿಗ್ಗೆ ಹುಳಿ ಇಲ್ಲ, ಒದ್ದೆ ಗೋಣಿಚೀಲದ ವಾಸನೆ. ರಾಗಿಗೆ ಬೈದೆ, ಗಿರಣಿಯವನಿಗೂ ಬೈದೆ. ಮರುದಿನ ಮತ್ತೆ ಅದೇ ಕಥೆ. ಕೊನೆಗೆ ನಮ್ಮತ್ತೆ ಪಾತ್ರೆ ಮುಟ್ಟಿ ನೋಡಿ, 'ಇಷ್ಟು ಬಿಸಿ ಹಾಲಿಗೆ ಹೆಪ್ಪು ಹಾಕ್ತೀಯೇನೇ?' ಅಂದರು. 40 ಲೀಟರ್ ಚೆಲ್ಲಿದ ಮೇಲೆ ಬಂದ ಬುದ್ಧಿ ಇದು.

60 ಡಿಗ್ರಿ ದಾಟಿದರೆ ಮಜ್ಜಿಗೆಯ ಜೀವಾಣುಗಳು ಹೆಚ್ಚು ಹೊತ್ತು ಬದುಕಲ್ಲ. ಆದರೆ ಹಿಟ್ಟಿನಲ್ಲಿ ಕುದಿಗೂ ಸಾಯದ ಬೀಜಾಣುಗಳು, ಅಂದರೆ ಅಂಬಲಿ ಕೆಡಿಸುವ ಜೀವಾಣುಗಳ ಗಟ್ಟಿ ಬೀಜಗಳು, ಇರುತ್ತವೆ. ಹುಳಿ ಮಾಡುವವು ಸತ್ತ ಮೇಲೆ ರಾತ್ರಿಯಿಡೀ ಪಾತ್ರೆ ಅವುಗಳದ್ದೇ. ಹಾಗಾಗಿ ಸೌಟಿನಿಂದ ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ. ಸುಡಬಾರದು, ಬೆಚ್ಚಗಿರಬೇಕು. ನಾನು ಲೀಟರಿಗೆ ಅರ್ಧ ಲೋಟ ಮಜ್ಜಿಗೆ ಹಾಕುತ್ತೇನೆ. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು. ಡಿಸೆಂಬರ್‌ನಲ್ಲಿ ಗಡಿಗೆಗೆ ಗೋಣಿ ಸುತ್ತಬೇಕು, ಆದರೂ ತಡವಾಗುತ್ತೆ. ಉಪ್ಪು, ಈರುಳ್ಳಿ ಎಲ್ಲ ಬಡಿಸುವಾಗ.

ನಿಮ್ಮ ಪ್ರಶ್ನೆಗೆ ಇನ್ಯಾರೋ ಬೆಳಿಗ್ಗೆ ಅಂಬಲಿಯನ್ನು ಮತ್ತೆ ಕುದಿಸಿ ಕೊಡಿ ಅಂದಿದ್ದಾರೆ. ಬೇಡ ಮಾರಾಯರೇ! ಹುಳಿ ಉಳಿಯುತ್ತೆ, ಜೀವಾಣು ಉಳಿಯಲ್ಲ. ನಮ್ಮ ದಾವಣಗೆರೆ ಬೆಣ್ಣೆ ದೋಸೆ ಹಿಟ್ಟೂ ಹುದುಗಿದ್ದೇ ಅಲ್ವಾ, ಕಾವಲಿ ಮೇಲೆ ಹೋದ ಮೇಲೆ ಬರೀ ರುಚಿ.

ಬಾಟಲಿ ವಿಷಯ. ಯಾಕುಲ್ಟ್ ಅನ್ನುವ ಪ್ರೋಬಯಾಟಿಕ್ ಪಾನೀಯ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ 65 ಎಂಎಲ್ ಬಾಟಲಿ, ಅದರಲ್ಲಿ ಸಕ್ಕರೆ, ಮೇಲೆ ಫ್ರಿಜ್ ಬೇಕು. ಕೂಲಿಯವರ ಮನೆಯಲ್ಲಿ ಫ್ರಿಜ್ ಎಲ್ಲಿದೆ? ಉಗಾಂಡಾದಲ್ಲಿ ಯೋಬಾ ಫಾರ್ ಲೈಫ್ ಅನ್ನುವ ಸಂಸ್ಥೆ ಬೇರೆ ದಾರಿ ಹಿಡಿದಿದೆ. 1 ಗ್ರಾಂ ಪುಡಿಯಿಂದ ಮೊದಲು 1 ಲೀಟರ್ ಹೆಪ್ಪು, ಆ ಹೆಪ್ಪಿನಿಂದ 100 ಲೀಟರ್ ಮೊಸರು. ಪುಡಿಯಲ್ಲಿರುವುದು ಪೇಟೆಂಟ್ ಮುಗಿದ ಪ್ರೋಬಯಾಟಿಕ್ ಜೀವಾಣು ತಳಿ, ಅದಕ್ಕೇ ಅಗ್ಗ. ಆ ತಳಿ ಒಂಟಿಯಾಗಿ ಹಾಲಿನಲ್ಲಿ ಸರಿಯಾಗಿ ಬೆಳೆಯಲ್ಲ. ಜೊತೆಗೆ ಮೊಸರಿನದೇ ಇನ್ನೊಂದು ಜೀವಾಣು ಸೇರಿಸುತ್ತಾರೆ. ಸಿಕ್ಕ ಬಾಟಲಿಯನ್ನೆಲ್ಲ ಹೆಪ್ಪು ಮಾಡಲು ಆಗಲ್ಲ ಅನ್ನುವುದು ಇದಕ್ಕೇ. ನಿಮಗೆ ಮನೆ ಮೊಸರು ಸಾಕು, ಇಲ್ಲವಾದರೆ ನಂದಿನಿ ಮೊಸರು. ಅಂಬಲಿ ಎಳೆ ಎಳೆಯಾಗಿ ಲೋಳೆ ಬಂದರೆ ಹೆಪ್ಪು ಬದಲಿಸಿ.

ಹಾಗಂತ ಬೋರ್ಡಿನಲ್ಲಿ 'ಪ್ರೋಬಯಾಟಿಕ್' ಅಂತ ಬರೆಸಬೇಡಿ. ಯಾವ ತಳಿ, ಎಷ್ಟು ಅಂತ ಗೊತ್ತಿದ್ದರೆ ಮಾತ್ರ ಆ ಹೆಸರು. ಹುಳಿ ಅಂಬಲಿ ಅಂದರೆ ಸಾಲದೇ? ಆರು ತಿಂಗಳೊಳಗಿನ ಕೂಸಿಗೆ ಕೊಡಬೇಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಡಾಕ್ಟರನ್ನು ಕೇಳಲಿ. ಭೇದಿಯಾದರೆ ಮೊದಲು ಓಆರ್‌ಎಸ್, ಅಂಬಲಿ ಆಮೇಲೆ.

ನೀರು ಇನ್ನೊಂದು. ಅಂಬಲಿ ಚೆನ್ನಾಗಿ ಕಾಸಿ, ಆಮೇಲೆ ತೆಳು ಮಾಡಲು ಹಸಿ ನೀರು ಸುರಿದರೆ ಎಲ್ಲ ದಂಡ. ಕುದಿಸಿ ಆರಿಸಿದ ನೀರು ಹಾಕಿ. ನಿಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಇದ್ದರೆ ಕುದಿಸಿದರೂ ಹೋಗಲ್ಲ, ಶುದ್ಧ ನೀರಿನ ಘಟಕದ್ದೇ ತನ್ನಿ.

ಮೊದಲು 2 ಲೀಟರ್ ಮಾತ್ರ ಮಾಡಿ ನೋಡಿ. ಮಣ್ಣಿನ ಗಡಿಗೆ ಇಲ್ಲವೇ ಸ್ಟೀಲ್, ಅಲ್ಯೂಮಿನಿಯಂ ಬೇಡ. ಫೋಟೋದ ಮೂಲೆಯಲ್ಲಿರುವ ಆ ಪೇಂಟ್ ಬಕೆಟ್ ಅಂಬಲಿಗಂತೂ ಅಲ್ಲ ತಾನೇ?