ತೋಟದ ಜೀಪಿಗೆ ಬೇರೆ ಇಂಜಿನ್ ಹಾಕಿಸುವ ಮೊದಲು

ಅಣ್ಣಾ, ಮೂಡಿಗೆರೆಯಲ್ಲಿ ಹಳೇ ಪೆಟ್ರೋಲ್ ಜೀಪು ನೋಡಿದ್ದೀನಿ, ಡೀಸೆಲ್ ಇಂಜಿನ್ ಕೂರಿಸ್ತೀನಿ, ತೋಟದೊಳಗೆ ಓಡಿಸೋಕೆ ಆರ್‌ಸಿ (ಗಾಡಿಯ ನೋಂದಣಿ ಪತ್ರ) ಯಾಕೆ ಅಂತ ಗುಂಪಿನಲ್ಲಿ ಬರೆದಿದ್ದೀರಿ. ಇಂಜಿನ್‌ಗೆ ಅಡ್ವಾನ್ಸ್ ಕೊಡಬೇಡಿ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28)ರಲ್ಲಿ ವಿನಾಯಿತಿ ಇರುವುದು ಕಾರ್ಖಾನೆಯಂಥ ಆವರಣದೊಳಗೆ ಮಾತ್ರ ಓಡಲು ಅಂತಲೇ ಮಾಡಿದ ವಿಶೇಷ ಗಾಡಿಗೆ. ಜೀಪು ರಸ್ತೆಗೆ ಮಾಡಿದ ಗಾಡಿ. ತೋಟದಲ್ಲಿಟ್ಟ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. ಅದೂ ಅಲ್ಲದೆ, ನಮ್ಮ ಕಡೆ ಎಷ್ಟು ಜನರ ತೋಟ ಒಂದೇ ತುಂಡಾಗಿದೆ ಹೇಳಿ? ಮೇಲಿನ ಬ್ಲಾಕಿನಿಂದ ಕಣಕ್ಕೆ ಬರಬೇಕಾದರೆ ಪಂಚಾಯ್ತಿ ರಸ್ತೆ ದಾಟಲೇಬೇಕು.

ನಮ್ಮ ಪಕ್ಕದ ತೋಟದವರ ಜೀಪು ಹಾಗೆ ದಾಟುವಾಗಲೇ ಬೈಕಿಗೆ ತಗುಲಿತು. ಆರ್‌ಸಿ ಬುಕ್ಕಿನಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್. ಇನ್ಶೂರೆನ್ಸಿನವರು ಅದನ್ನೇ ಹಿಡಿದುಕೊಂಡು ಕೂತರು. ಗಾಯಾಳುವಿನ ಖರ್ಚು, ಕೋರ್ಟಿನ ಓಡಾಟ ಎಲ್ಲ ಜೀಪಿನ ಮಾಲೀಕರ ತಲೆಗೇ ಬಂತು. ಆರ್‌ಸಿಯ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವುದನ್ನು ಸೆಕ್ಷನ್ 52 ತಡೆಯುತ್ತದೆ. 2019ರ ತಿದ್ದುಪಡಿ ಬಂದ ಮೇಲೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. "ಆಮೇಲೆ ಬುಕ್ಕಿಗೆ ಏರಿಸಿಕೊಡ್ತೀನಿ" ಅನ್ನುವ ಬ್ರೋಕರ್ ಮಾತು ನಂಬಿ ಸುಮ್ನೆ ಕೂರಬೇಡಿ.

ಹಳೇ ಗಾಡಿ ನೋಡಲು ಹೋದಾಗ ನಾನು ಮಾಡುವುದು ಇಷ್ಟು. ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಇಂಜಿನ್ ಬ್ಲಾಕಿನ ಗ್ರೀಸ್ ಒರೆಸಿ, ಅದರಲ್ಲಿ ಕೊರೆದಿರುವ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತೇನೆ. ಚಾಸಿಸ್ ನಂಬರಿಗೂ ಹಾಗೇ. ಎರಡನ್ನೂ ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡುತ್ತೇನೆ. ಅಕ್ಷರದ ಸುತ್ತ ಗ್ರೈಂಡರ್ ಗೀರು ಕಂಡರೆ, ಎಷ್ಟೇ ಅಗ್ಗ ಇರಲಿ, ಬಿಟ್ಟು ಬರುತ್ತೇನೆ. ವೈರ್ ಬ್ರಷ್ ಜೋರಾಗಿ ಉಜ್ಜಬೇಡಿ, ಇರುವ ನಂಬರೂ ಮಾಸುತ್ತದೆ.

ನನ್ನ ಕೇಳಿದರೆ, ಪೇಪರ್ ಸರಿ ಇರುವ ಡೀಸೆಲ್ ಜೀಪನ್ನೇ ಹುಡುಕಿ. ಪ್ಯೂಜೋ ಇಂಜಿನ್ನಿನ ಮಹೀಂದ್ರಾ ಎಂಎಂ 540 ಸಿಕ್ಕರೆ ಬಿಡಬೇಡಿ. ಓಟ ನಿಧಾನ, ಆದರೆ ಮೂಟೆ ಹೇರಿ ಏರು ಹತ್ತುವಾಗ ಸತಾಯಿಸುವುದಿಲ್ಲ. ಚಳಿಯಲ್ಲಿ ಸ್ಟಾರ್ಟ್ ಆಗಲು ಇಂಜಿನ್ ಬಿಸಿ ಮಾಡುವ ಹೀಟರ್ ಪ್ಲಗ್ ಮಾತ್ರ ಸರಿ ಇರಬೇಕು. ಹದಿನೈದು ವರ್ಷ ದಾಟಿದ ಗಾಡಿಯಾದರೆ ಆರ್‌ಸಿ ನವೀಕರಣ ಆಗಿದೆಯಾ ನೋಡಿ, ಅದು ಐದೈದು ವರ್ಷಕ್ಕಷ್ಟೇ. ಹೊರ ರಾಜ್ಯದ ಗಾಡಿಗೆ ಎನ್‌ಒಸಿ (ಆ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಕೈಗೆ ಬರದೆ ಪೂರ್ತಿ ದುಡ್ಡು ಕೊಡಲೇಬೇಡಿ.

ಅಂದ ಹಾಗೆ, ಕಾಯ್ದೆಯ ಲೆಕ್ಕದಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರ್ ಕೂಡ ಮೋಟಾರು ವಾಹನವೇ. ಟ್ರ್ಯಾಕ್ಟರಿನ ಆರ್‌ಸಿ ಅದಕ್ಕೆ ಸಾಲುವುದಿಲ್ಲ. ಕುಯ್ಲಿನ ಟೈಮಲ್ಲಿ ಆಳುಗಳನ್ನು ಅದರಲ್ಲಿ ಕೂರಿಸಿಕೊಂಡು ಬರುವವರು ಈ ಗುಂಪಿನಲ್ಲೇ ಜಾಸ್ತಿ ಇದ್ದಾರೆ. ದಯವಿಟ್ಟು ನಿಲ್ಲಿಸಿ, ಅವರನ್ನು ಕರೆತರಲು ಬೇರೆ ಗಾಡಿ ಮಾಡಿ.